ಹಳೆಯ ಎಂಜಿಬಿಯನ್ನು ತಗ್ಗಿಸುವುದು: ಎಷ್ಟು, ಹೇಗೆ, ಎಲ್ಲಿಗೆ ನಿಲ್ಲಿಸಬೇಕು

ಪ್ರಶ್ನೆ: ನನ್ನಲ್ಲಿ 1976ರ ಎಂಜಿಬಿ ರೋಡ್‌ಸ್ಟರ್ ಇದೆ, ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಎರಡು ಸೀಟಿನ ಕಾರು, ರಬ್ಬರ್ ಬಂಪರಿನದು. ಮನೆ ಮಣಿಪಾಲದಲ್ಲಿ. ರಜೆಯ ದಿನ ಹೆಬ್ರಿ ದಾಟಿ ಆಗುಂಬೆಗೋ, ಹೆದ್ದಾರಿ ಹಿಡಿದು ಮಂಗಳೂರಿಗೋ ಹೋಗಿಬರುತ್ತೇನೆ. ತಿರುವಿನಲ್ಲಿ ಕಾರು ವಿಪರೀತ ವಾಲುತ್ತದೆ. ನೋಡುವುದಕ್ಕೂ ಮೂತಿ ಮೇಲೆತ್ತಿ ನಿಂತಂತೆ ಕಾಣುತ್ತದೆ. ಎರಡು ಇಂಚು ತಗ್ಗಿಸುವ ಯೋಚನೆಯಿದೆ. ಮುಂದಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ಕತ್ತರಿಸಿ, ಹಿಂದೆ ಆಕ್ಸಲ್‌ಗೂ ಸ್ಪ್ರಿಂಗ್‌ಗೂ ನಡುವೆ ಬ್ಲಾಕ್ ಇಟ್ಟರೆ ಮುಗಿಯಿತು ಎನ್ನುತ್ತಾರೆ ಮೆಕ್ಯಾನಿಕ್. ಹಾಗೆ ಮಾಡಬಹುದೇ?

ಉತ್ತರ:

ಎರಡು ಇಂಚು ಬೇಡ. ಒಂದು ಇಂಚು, ಅಂದರೆ 25 ಮಿ.ಮೀ., ಸಾಕು. ನಮ್ಮ ಕರಾವಳಿಯ ರಸ್ತೆಗಳಿಗೆ ಅದೇ ಮಿತಿ. ಸ್ಪ್ರಿಂಗ್ ಕತ್ತರಿಸುವುದಂತೂ ಬೇಡವೇ ಬೇಡ. ಹಿಂದೆ ಬ್ಲಾಕ್ ಇಡಬಹುದು, ಆದರೆ ಸರಿಯಾದ ಬ್ಲಾಕ್, ಸರಿಯಾದ ಕ್ರಮದಲ್ಲಿ. ಇದೆಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಬೇರೆ ಇದೆ: ನೀವು ಹೇಳುವ ವಾಲಾಟಕ್ಕೆ ಕಾರಿನ ಎತ್ತರಕ್ಕಿಂತ ದೊಡ್ಡ ಕಾರಣ ಇನ್ನೊಂದು ಇರುವ ಸಾಧ್ಯತೆ ಹೆಚ್ಚು.

ಎಂಜಿಬಿ 1962ರಿಂದ 1980ರವರೆಗೆ ತಯಾರಾದ ಕಾರು. 1974ರ ಕೊನೆಯಲ್ಲಿ ಅಮೆರಿಕದ ಬಂಪರ್ ನಿಯಮಗಳಿಗೆ ಹೊಂದಿಸಲು ಕ್ರೋಮ್ ಬಂಪರ್ ತೆಗೆದು ಕಪ್ಪು ರಬ್ಬರ್ ಬಂಪರ್ ಹಾಕಿದರು, ಜೊತೆಗೆ ಇಡೀ ಕಾರನ್ನು ಒಂದರಿಂದ ಒಂದೂವರೆ ಇಂಚಿನಷ್ಟು ಮೇಲೆತ್ತಿದರು. ಅದೇ ಸಮಯಕ್ಕೆ ಖರ್ಚು ಉಳಿಸಲು ರೋಡ್‌ಸ್ಟರ್‌ಗಳಿಗೆ ಮುಂದಿನ ಆಂಟಿ ರೋಲ್ ಬಾರ್ ಹಾಕುವುದನ್ನೂ ಬಿಟ್ಟರು. ಎತ್ತರ ಹೆಚ್ಚಾಯಿತು, ವಾಲಾಟ ತಡೆಯುವ ಬಾರ್ ಹೋಯಿತು. 1977ರ ಮಾದರಿಯಿಂದ ಮುಂದೆ ಮತ್ತು ಹಿಂದೆ ಎರಡೂ ಕಡೆ ಬಾರ್ ಬಂತು. ನಿಮ್ಮದು 1976ರದ್ದು, ಅಂದರೆ ಆ ನಡುವಿನ ಕಾಲದ್ದು. ಹಾಗಾಗಿ ಇವತ್ತೇ ಕಾರಿನಡಿ ಒಮ್ಮೆ ಬಗ್ಗಿ ನೋಡಿ. ರೇಡಿಯೇಟರ್‌ನ ಮುಂದೆ, ಅಡ್ಡಕ್ಕೆ, ಒಂದು ಚಾಸಿ ರೈಲ್‌ನಿಂದ (ಬಾಡಿಯಡಿ ಉದ್ದಕ್ಕೆ ಹೋಗುವ ಉಕ್ಕಿನ ತೊಲೆ) ಇನ್ನೊಂದಕ್ಕೆ ಹೋಗಿ ಎರಡೂ ತುದಿ ಹಿಂದಕ್ಕೆ ಬಾಗಿ, ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮ್‌ಗೆ ಲಿಂಕ್‌ನಲ್ಲಿ ಸೇರುವ ಉಕ್ಕಿನ ಸರಳು ಕಾಣುತ್ತದೆಯೇ? ಕಾಣದಿದ್ದರೆ ನಿಮ್ಮ ಹಣದ ಮೊದಲ ಪಾಲು ಅದಕ್ಕೇ ಹೋಗಲಿ. ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಒಂದು ಇಂಚು ತಗ್ಗಿಸಿದ ಲಾಭಕ್ಕಿಂತ ಬಾರ್‌ನ ಲಾಭ ಎದ್ದು ತಿಳಿಯುತ್ತದೆ, ನೆಲದಿಂದ ಇರುವ ಅಂತರವನ್ನೂ ಅದು ಕಸಿದುಕೊಳ್ಳುವುದಿಲ್ಲ. ತರಿಸುವಾಗ ಬಾರ್ ಒಂದನ್ನೇ ತರಿಸಬೇಡಿ. ಲಿಂಕ್‌ಗಳು, ಬುಶ್‌ಗಳು, ಕ್ಲಾಂಪ್‌ಗಳು, ಲಿಂಕ್ ಕೂರುವ ತೂತಿರುವ ಕೆಳಗಿನ ಆರ್ಮ್‌ಗಳು ಎಲ್ಲವೂ ಬೇಕು. ನಿಮ್ಮ ಆರ್ಮ್‌ನಲ್ಲಿ ತೂತು ಇದೆಯೇ ಎಂದು ನೋಡಿಕೊಂಡೇ ಆರ್ಡರ್ ಮಾಡಿ.

ಎರಡನೆಯ ಕಾರಣ ಸವೆತ. ಈ ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್, ಅಂದರೆ ಡ್ಯಾಂಪರ್, ಈಗಿನ ಕಾರುಗಳ ಉದ್ದ ಕೊಳವೆಯಂಥದ್ದಲ್ಲ. ಮುಂದಿನ ಸಸ್ಪೆನ್ಷನ್ ಹೊತ್ತ ಅಡ್ಡ ತೊಲೆಯಾದ ಕ್ರಾಸ್‌ಮೆಂಬರ್ ಮೇಲೆ ಬೋಲ್ಟ್ ಆಗಿರುವ ಎರಕದ ಡಬ್ಬಿ, ಅದರಿಂದ ಹೊರಟ ಎರಡು ತೋಳು. ಆ ತೋಳುಗಳೇ ಮೇಲಿನ ವಿಶ್‌ಬೋನ್, ಅಂದರೆ ಚಕ್ರವನ್ನು ಮೇಲಿನಿಂದ ಹಿಡಿಯುವ ಆರ್ಮ್. ಹಾಗಾಗಿ ಡ್ಯಾಂಪರ್‌ನ ಶಾಫ್ಟ್ ಸಡಿಲವಾದರೆ ಕುಲುಕಾಟ ಮಾತ್ರವಲ್ಲ, ಚಕ್ರದ ಕ್ಯಾಂಬರೇ, ಅಂದರೆ ಅದು ಒಳಕ್ಕೋ ಹೊರಕ್ಕೋ ವಾಲಿದ ಕೋನವೇ, ಅಲುಗಾಡುತ್ತದೆ. ಪರೀಕ್ಷೆ ಸುಲಭ: ತೋಳನ್ನು ಅದರ ಹೊರತುದಿಯ ಕೀಲಾದ ಟ್ರನಿಯನ್‌ನಿಂದ ಬಿಡಿಸಿ ಕೈಯಲ್ಲಿ ಪೂರ್ತಿ ಮೇಲೆ ಕೆಳಗೆ ಆಡಿಸಿ. ಎರಡೂ ದಿಕ್ಕಿನಲ್ಲಿ ಒಂದೇ ಸಮನೆಯ ಬಿಗಿ ಸಿಗಬೇಕು. ದಿಕ್ಕು ಬದಲಾಗುವ ಜಾಗದಲ್ಲಿ ಸ್ವಲ್ಪ ದೂರ ಬಿಗಿಯೇ ಸಿಗದೆ ತೋಳು ಹಗುರಾಗಿ ಓಡಿದರೆ ಎಣ್ಣೆ ಕಡಿಮೆಯಾಗಿದೆ, ಗಾಳಿ ಸೇರಿದೆ ಎಂದರ್ಥ. ಮುಚ್ಚಳದ ಸುತ್ತಲ ಕೊಳೆ ಪೂರ್ತಿ ಒರೆಸಿದ ಮೇಲಷ್ಟೇ ತೆರೆಯಿರಿ. ಒಂದು ಚಿಟಿಕೆ ಮರಳು ಒಳಗೆ ಬಿದ್ದರೂ ವಾಲ್ವ್ ಕೆಡುತ್ತದೆ. ಬೈಕ್ ಫೋರ್ಕ್‌ಗೆ ಹಾಕುವ 20 ಗ್ರೇಡ್ ಎಣ್ಣೆ ಹೊಂದುತ್ತದೆ. ಎಂಜಿನ್ ಆಯಿಲ್ ಅಥವಾ ಬ್ರೇಕ್ ಫ್ಲೂಯಿಡ್ ಹಾಕಲೇಬಾರದು. ತುಂಬಿಸಿದ ಮೇಲೆ ತೋಳನ್ನು ನಿಧಾನವಾಗಿ ಹತ್ತಿಪ್ಪತ್ತು ಸಲ ಆಡಿಸಿ, ಗಾಳಿ ಹೊರಬಿದ್ದಂತೆ ಮತ್ತೆ ತುಂಬಿಸಿ. ಶಾಫ್ಟ್ ಸುತ್ತ ಒದ್ದೆಯಿದ್ದರೆ ಎಣ್ಣೆ ಎಷ್ಟು ತುಂಬಿಸಿದರೂ ನಿಲ್ಲದು, ಡ್ಯಾಂಪರ್ ಬಿಚ್ಚಿ ರಿಪೇರಿ ಮಾಡಿಸಲೇಬೇಕು. ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಚ್ಚಾದ ಕಿಂಗ್‌ಪಿನ್‌ಗೆ ಪ್ರತಿ ಬದಿಯಲ್ಲೂ 3 ಗ್ರೀಸ್ ನಿಪ್ಪಲ್‌ಗಳಿವೆ, ಕೆಳಗಿನ ಟ್ರನಿಯನ್‌ನ ನಿಪ್ಪಲ್ ಅನೇಕರ ಕಣ್ಣು ತಪ್ಪುತ್ತದೆ. ಗ್ರೀಸ್ ಒಳಗೆ ಹೋಗದಿದ್ದರೆ ಆ ಜಾಗ ಒಣಗಿ ಸವೆದಿದೆ ಎಂದೇ ತಿಳಿಯಿರಿ.

ಕೆಳಗಿನ ಆರ್ಮ್‌ನ ಒಳತುದಿಯ ರಬ್ಬರ್ ಬುಶ್‌ಗಳು ಇಷ್ಟು ಹಳೆಯ ಕಾರಿನಲ್ಲಿ ಸತ್ತೇ ಹೋಗಿರುತ್ತವೆ. ಬದಲಿಸುವಾಗ ಎಂಜಿಬಿ ವಿ8ರಲ್ಲಿ ಬಳಸಿದ, ಲೋಹದ ಕವಚವಿರುವ ಬುಶ್ ಹಾಕಿಸಿ. ಅದು ಮೂಲ ರಬ್ಬರ್‌ಗಿಂತ ಬಿಗಿ, ಪಾಲಿಯುರೆಥೇನ್‌ನ ಹಾಗೆ ಕಿರುಗುಟ್ಟುವುದೂ ಇಲ್ಲ.

ಇವಿಷ್ಟು ಮುಗಿಸಿ ಒಂದು ಸಲ ಹೆಬ್ರಿಯವರೆಗೆ ಓಡಿಸಿ ನೋಡಿ. ಆಮೇಲೂ ತಗ್ಗಿಸಬೇಕು ಅನ್ನಿಸಿದರೆ ಮುಂದಿನದು.

ಎಷ್ಟು ತಗ್ಗಿಸಬಹುದು ಎಂಬುದನ್ನು ಅಂದಾಜಿನಿಂದಲ್ಲ, ಲೆಕ್ಕದಿಂದ ತೀರ್ಮಾನಿಸಬೇಕು. ಐಆರ್‌ಸಿ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಮಾನದಂಡದ ರಸ್ತೆ ಉಬ್ಬು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಎಂಜಿಬಿಯ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ 91 ಇಂಚು, ಸುಮಾರು 2.31 ಮೀಟರ್. ಅಂದರೆ ಮಾನದಂಡದ ಉಬ್ಬಿನ ನೆತ್ತಿಯ ಮೇಲೆ ಕಾರು ನಿಂತಾಗ ನಾಲ್ಕೂ ಚಕ್ರ ಉಬ್ಬಿನ ಮೇಲೆಯೇ ಇರುತ್ತವೆ. ಹೊಟ್ಟೆಯಡಿ ಉಬ್ಬು ಕಸಿಯುವ ಅಂತರ ಬರೀ 39 ಮಿ.ಮೀ. ಇದರಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಕೊಡುವುದು ಒಳರಸ್ತೆಗಳಲ್ಲಿ, ಶಾಲೆ, ದೇವಸ್ಥಾನಗಳ ಎದುರು ಊರವರೇ ಸಿಮೆಂಟ್ ಸುರಿದು ಕಟ್ಟಿದ ಗಿಡ್ಡ ಉಬ್ಬುಗಳು. ಒಂದೂವರೆ ಮೀಟರ್ ಅಗಲ, 15 ಸೆಂ.ಮೀ. ಎತ್ತರದ ಉಬ್ಬಾದರೆ ಎರಡೂ ಜೊತೆ ಚಕ್ರಗಳು ಅದರಾಚೆಗೆ ಇಳಿದಿರುತ್ತವೆ, ಪೂರಾ 150 ಮಿ.ಮೀ. ಹೊಟ್ಟೆಗೆ ಬರುತ್ತದೆ. ಅಂಥದ್ದನ್ನು ಎಂಜಿಬಿ ತಗ್ಗಿಸುವ ಮೊದಲೂ ನೇರ ದಾಟುವುದು ಕಷ್ಟ. ತಗ್ಗಿಸಿದ ಮೇಲೆ ಓರೆಯಾಗಿ ಹತ್ತಿಸಿದರೂ ಸೈಲೆನ್ಸರ್ ತಾಗುತ್ತದೆ. ಚಾಲಕ ಕೂತಿದ್ದಾಗ ಕಾರಿನ ಅತಿ ತಗ್ಗಿನ ಜಾಗಕ್ಕೂ ನೆಲಕ್ಕೂ ನಡುವೆ ಕನಿಷ್ಠ 110 ಮಿ.ಮೀ. ಉಳಿಯಬೇಕು ಎಂದು ಗಟ್ಟಿ ಮಾಡಿಕೊಳ್ಳಿ. ಸಾಮಾನ್ಯವಾಗಿ ಆ ಜಾಗ ಎಕ್ಸಾಸ್ಟ್ ಪೈಪ್ ಅಥವಾ ಅದರ ಸೈಲೆನ್ಸರ್ ಡಬ್ಬಿ. ಅದನ್ನು ಮೊದಲೇ ಅಳೆಯಿರಿ. ಹಳೆಯ ರಬ್ಬರ್ ಹ್ಯಾಂಗರ್ ಜಗ್ಗಿ ಪೈಪ್ ಇಳಿದಿದ್ದರೆ ಹೊಸ ಹ್ಯಾಂಗರ್ ಹಾಕಿದ ಕೂಡಲೇ ಒಂದಷ್ಟು ಮಿ.ಮೀ. ವಾಪಸ್ ಸಿಗುತ್ತದೆ.

ಅಳತೆಯಲ್ಲಿ ಹೆಚ್ಚಿನವರು ತಪ್ಪುವುದು ನೆಲದಿಂದ ಅಳೆದು. ಟೈರ್‌ನ ಗಾಳಿ ಸ್ವಲ್ಪ ಇಳಿದರೂ ಆ ಲೆಕ್ಕ ಕೆಡುತ್ತದೆ. ಚಕ್ರದ ಸೆಂಟರ್‌ನಿಂದ ಮಡ್‌ಗಾರ್ಡ್‌ನ ಕಮಾನಿನ ಕೆಳ ಅಂಚಿನವರೆಗೆ ನೇರ ಮೇಲಕ್ಕೆ ಅಳೆಯಿರಿ, ನಾಲ್ಕೂ ಕಡೆ ಬರೆದಿಡಿ. ಸಮತಟ್ಟಾದ ನೆಲ, ಅರ್ಧ ಟ್ಯಾಂಕ್ ಪೆಟ್ರೋಲ್, ಚಾಲಕನ ಸೀಟಿನಲ್ಲಿ ನಿಮ್ಮಷ್ಟೇ ತೂಕದ ಒಬ್ಬರು. ಕಾರನ್ನು ನಾಲ್ಕು ಮೀಟರ್ ಮುಂದೆ ಹಿಂದೆ ದೂಡಿ, ನಾಲ್ಕೂ ಮೂಲೆ ಒತ್ತಿ ಬಿಟ್ಟು ಆಮೇಲೆ ಅಳೆಯಿರಿ. ಬಹಳ ಹಳೆಯ ಕಾರುಗಳಲ್ಲಿ ಚಾಲಕನ ಬದಿಯ ಹಿಂದಿನ ಲೀಫ್ ಸ್ಪ್ರಿಂಗ್ ಮೊದಲೇ ಕುಗ್ಗಿರುತ್ತದೆ. ನಿಮ್ಮ ಕಾರಿನ ಮೂತಿ ಎದ್ದಂತೆ ಕಾಣುವುದಕ್ಕೆ ಮುಂಭಾಗ ಎತ್ತರವಿರುವುದು ಕಾರಣವೋ, ಹಿಂಭಾಗ ಕೂತುಹೋದದ್ದು ಕಾರಣವೋ ಎಂಬುದು ಈ ನಾಲ್ಕು ಅಂಕಿಗಳಲ್ಲೇ ಗೊತ್ತಾಗುತ್ತದೆ. ಹಿಂಭಾಗ ಕೂತಿದ್ದರೆ ಅಲ್ಲಿಗೆ ಬ್ಲಾಕ್ ಇಡುವ ಮಾತೇ ಇಲ್ಲ, ಸ್ಪ್ರಿಂಗ್ ಬದಲಿಸಬೇಕು.

ಈಗ ಮುಂಭಾಗ. ಕಾರ್ಖಾನೆಯವರು ಇದನ್ನು ಎತ್ತಿದ್ದು ಮುಖ್ಯವಾಗಿ ಕ್ರಾಸ್‌ಮೆಂಬರ್ ಬದಲಿಸಿ. ಹಾಗಾಗಿ ಶಾಸ್ತ್ರೀಯ ದಾರಿಯೆಂದರೆ ಕ್ರೋಮ್ ಬಂಪರ್ ಕಾಲದ ಕ್ರಾಸ್‌ಮೆಂಬರ್ ತಂದು ಹಾಕುವುದು. ಆಗ ಬಾಡಿ ಇಳಿಯುತ್ತದೆ, ಆರ್ಮ್‌ಗಳ ಕೋನ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ. ಆದರೆ ಸ್ಟೀರಿಂಗ್ ರ್‍ಯಾಕ್ ಕೂರುವುದೂ ಅದೇ ಕ್ರಾಸ್‌ಮೆಂಬರ್ ಮೇಲೆ. ರ್‍ಯಾಕ್‌ನ ಜಾಗ, ಸ್ಟೀರಿಂಗ್ ಕಾಲಂನ ಜಾಯಿಂಟ್‌ನ ಕೋನ ಎಲ್ಲವನ್ನೂ ಹೊಂದಿಸಬೇಕಾಗುತ್ತದೆ. ನಮ್ಮಲ್ಲಿ ಆ ಭಾಗ ಸಿಗುವುದೂ ಅಪರೂಪ. ಸ್ಟೀರಿಂಗ್‌ಗೆ ಸಂಬಂಧಿಸಿದ ಕೆಲಸದಲ್ಲಿ ಅರ್ಧಂಬರ್ಧ ಹೊಂದಾಣಿಕೆ ನಡೆಯುವುದಿಲ್ಲ, ಆದ್ದರಿಂದ ಅದನ್ನು ಬಿಡಿ. ಉಳಿದದ್ದು ಗಿಡ್ಡ ಸ್ಪ್ರಿಂಗ್. ಸ್ಪ್ರಿಂಗ್‌ನಿಂದ ತಗ್ಗಿಸಿದಾಗ ಕೆಳಗಿನ ಆರ್ಮ್‌ನ ಹೊರತುದಿ ಮೇಲಕ್ಕೇಳುತ್ತದೆ, ಮುಂಭಾಗದ ರೋಲ್ ಸೆಂಟರ್, ಅಂದರೆ ಬಾಡಿ ವಾಲುವಾಗ ತಿರುಗುವ ಬಿಂದು, ಬಾಡಿಗಿಂತಲೂ ಹೆಚ್ಚು ಇಳಿಯುತ್ತದೆ. ಒಂದು ಇಂಚಿಗೆ ಇದು ತಡೆದುಕೊಳ್ಳುವಷ್ಟು. ಎರಡು ಇಂಚಿಗೆ ಹೋದರೆ ಕಾರು ತಗ್ಗಿದ್ದರೂ ವಾಲುವುದು ಹೆಚ್ಚಾಗಬಹುದು. ಹೊಂಡ ಸಿಕ್ಕಾಗ ಟೈ ರಾಡ್‌ಗೂ (ಸ್ಟೀರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು) ಆರ್ಮ್‌ಗೂ ಕೋನ ಹೊಂದದೆ ಸ್ಟೀರಿಂಗ್ ತಾನೇ ಎಳೆಯುತ್ತದೆ. ವಾಲಾಟ ಕಡಿಮೆಯಾಗಲಿ ಎಂದು ಮಾಡಿದ ಕೆಲಸ ಅದನ್ನೇ ಹೆಚ್ಚಿಸುವುದು ಹೀಗೆ.

ಕತ್ತರಿಸುವುದು ಏಕೆ ಬೇಡ? ಸ್ಪ್ರಿಂಗ್ ಕೂತಿರುವುದು ಆರ್ಮ್‌ನ ನಡುಭಾಗದಲ್ಲಿ, ಚಕ್ರ ಇರುವುದು ತುದಿಯಲ್ಲಿ. ಸ್ಪ್ರಿಂಗ್‌ನಲ್ಲಿ ಕಡಿಮೆಯಾದ ಒಂದೊಂದು ಮಿ.ಮೀ. ಚಕ್ರದಲ್ಲಿ ಒಂದೂವರೆಯಿಂದ ಎರಡು ಮಿ.ಮೀ. ಆಗುತ್ತದೆ. ಒಂದು ಸುತ್ತು ಹೋದರೆ ನೀವು ಬಯಸಿದ ಎರಡು ಇಂಚನ್ನೂ ಮೀರಿ ಇಳಿಯಬಹುದು. ಕತ್ತರಿಸಿದ ತುದಿ ಸಪಾಟಾಗಿ ಕೂರದೆ ಕೆಳಗಿನ ತಟ್ಟೆಯಾದ ಪ್ಯಾನ್ ಮೇಲೆ ಒಂದೇ ಬಿಂದುವಿನಲ್ಲಿ ಒತ್ತುತ್ತದೆ. ಗ್ಯಾಸ್ ಟಾರ್ಚ್ ತಾಗಿಸಿದರೆ ಉಕ್ಕಿನ ಹದವೇ ಹೋಗಿ ಆ ಬದಿ ತಿಂಗಳೊಪ್ಪತ್ತಿನಲ್ಲಿ ಇನ್ನಷ್ಟು ಕೂರುತ್ತದೆ. ಒಂದು ಇಂಚು ತಗ್ಗಿಸಲೆಂದೇ ತಯಾರಾದ, ರಬ್ಬರ್ ಬಂಪರ್ ಕಾರಿಗೆ ಎಂದು ಸ್ಪಷ್ಟವಾಗಿ ಹೇಳಿರುವ ಜೋಡಿ ಸ್ಪ್ರಿಂಗ್ ತರಿಸಿ. ಕ್ರೋಮ್ ಕಾರಿನ ಸ್ಪ್ರಿಂಗ್ ಹಾಕಿದರೆ ಲೆಕ್ಕ ಬೇರೆಯಾಗುತ್ತದೆ. ಬಂದ ಕೂಡಲೇ ಎರಡನ್ನೂ ಮೇಜಿನ ಮೇಲೆ ನಿಲ್ಲಿಸಿ ಎತ್ತರ ಹೋಲಿಸಿ.

ಕೆಲಸಕ್ಕೆ ಎರಡು ದಿನ ಮೊದಲೇ ಮೇಲಿನ ಟ್ರನಿಯನ್ ಬೋಲ್ಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿರಿ. ಉಪ್ಪುಗಾಳಿಯಲ್ಲಿ ಇದ್ದ ಕಾರಿನಲ್ಲಿ ಅದು ಹಿಡಿದುಕೊಂಡೇ ಇರುತ್ತದೆ. ಸ್ಟ್ಯಾಂಡ್‌ಗಳನ್ನು ಚಾಸಿ ರೈಲ್‌ನ ಕೆಳಗೆ, ಮರದ ತುಂಡು ಇಟ್ಟು ನಿಲ್ಲಿಸಿ. ಬಾಗಿಲ ಕೆಳಗಿನ ಸಿಲ್‌ಗೆ ಕೊಡಬೇಡಿ. ಚಕ್ರ ತೆಗೆದು, ಆಂಟಿ ರೋಲ್ ಬಾರ್ ಲಿಂಕ್ ಇದ್ದರೆ ಬಿಡಿಸಿ, ಸ್ಪ್ರಿಂಗ್ ಪ್ಯಾನ್ ಕೆಳಗೆ ಟ್ರಾಲಿ ಜಾಕ್ ಕೊಟ್ಟು ಡ್ಯಾಂಪರ್ ತೋಳು ತನ್ನ ರಬ್ಬರ್‌ನಿಂದ ಮೇಲೇಳುವಷ್ಟು ಎತ್ತಿ. ಸ್ಪ್ರಿಂಗ್ ಮತ್ತು ಆರ್ಮ್ ಸೇರಿಸಿ ಗಟ್ಟಿ ಸರಪಳಿ ಸುತ್ತಿ, ಅದನ್ನು ಮರೆಯಬೇಡಿ. ಎಂಜಿನ್ ಕಾರಿನಲ್ಲೇ ಇರಲಿ, ಆ ತೂಕ ಇಲ್ಲದಿದ್ದರೆ ಜಾಕ್ ಸ್ಪ್ರಿಂಗ್ ಒತ್ತುವ ಬದಲು ಕಾರನ್ನೇ ಎತ್ತುತ್ತದೆ. ಡ್ಯಾಂಪರ್ ತೋಳುಗಳ ಕ್ಲಾಂಪ್ ಸಡಿಲಿಸಿ, ಮೇಲಿನ ಟ್ರನಿಯನ್ ಬೋಲ್ಟ್ ತೆಗೆದು, ಹಬ್ಬನ್ನು ಹೊರಕ್ಕೆ ವಾಲಿಸಿ ತಂತಿಯಿಂದ ಕಟ್ಟಿ. ಬ್ರೇಕ್ ಹೋಸ್ ಮೇಲೆ ಭಾರ ಬಿದ್ದರೆ ಒಳಗಿಂದ ಹರಿಯುತ್ತದೆ, ಹೊರಗೆ ಕಾಣುವುದಿಲ್ಲ. ನಂತರ ಜಾಕನ್ನು ಬಹಳ ನಿಧಾನವಾಗಿ ಇಳಿಸಿ. ಸ್ಪ್ರಿಂಗ್ ಪೂರ್ತಿ ಸಡಿಲವಾಗುವವರೆಗೆ ಎದುರಿಗೆ ಯಾರೂ ಕೂರಬಾರದು.

ಹೊಸ ಸ್ಪ್ರಿಂಗ್ ಕೂರಿಸುವ ಮೊದಲು ಬಂಪ್ ರಬ್ಬರ್, ಅಂದರೆ ಆರ್ಮ್ ತೀರಾ ಮೇಲೆದ್ದಾಗ ತಡೆಯುವ ರಬ್ಬರ್, ನೋಡಿ. ಅದರ ಹಿಂದೆ ಅಲ್ಯೂಮಿನಿಯಂ ತುಂಡೊಂದಿದೆ. ತಗ್ಗಿಸಿದಷ್ಟೂ ಆರ್ಮ್ ರಬ್ಬರ್‌ಗೆ ಹತ್ತಿರ ಬರುತ್ತದೆ. ಆ ತುಂಡನ್ನು ಗಿಡ್ಡ ಮಾಡಿಸದಿದ್ದರೆ ಪ್ರತಿ ಹೊಂಡಕ್ಕೂ ಕಾರು ರಬ್ಬರ್ ಮೇಲೆ ಕೂತು ಕುಟ್ಟುತ್ತದೆ, ತಿರುವಿನ ನಡುವೆ ಹಾಗಾದರೆ ಮುಂದಿನ ಟೈರ್ ಹಿಡಿತ ಬಿಡುತ್ತದೆ. ಮೂಲದ ತುಂಡನ್ನು ಎತ್ತಿಟ್ಟು ಬೇರೊಂದನ್ನು ಲೇತ್‌ನಲ್ಲಿ ಮಾಡಿಸಿಕೊಳ್ಳುವುದು ಜಾಣತನ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಯಾವುದೇ ಲೇತ್ ಅಂಗಡಿಯವರೂ ಮಾಡಿಕೊಟ್ಟಾರು.

ಜೋಡಿಸುವಾಗ ಬುಶ್‌ಗಳ ನಟ್‌ಗಳನ್ನು ಸಡಿಲವಾಗಿಯೇ ಬಿಟ್ಟು ಕಾರನ್ನು ಚಕ್ರದ ಮೇಲೆ ಇಳಿಸಿ, ಚಾಲಕನನ್ನು ಕೂರಿಸಿ, ದೂಡಿ, ಒತ್ತಿ, ಆಮೇಲೆ ಬಿಗಿಮಾಡಿ ಸ್ಪ್ಲಿಟ್ ಪಿನ್ ಹಾಕಿ. ಚಕ್ರ ನೇತಾಡುತ್ತಿರುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ, ಎತ್ತರವೂ ಸುಳ್ಳು ಹೇಳುತ್ತದೆ. ಡ್ಯಾಂಪರನ್ನು ಕ್ರಾಸ್‌ಮೆಂಬರ್‌ನಿಂದ ಬಿಚ್ಚಿದ್ದರೆ ಅದರ ಬೋಲ್ಟ್‌ಗಳಿಗೆ 58ರಿಂದ 61 ನ್ಯೂಟನ್ ಮೀಟರ್, ಚಕ್ರದ ನಟ್‌ಗಳಿಗೆ 81ರಿಂದ 88. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಹಿಂಭಾಗಕ್ಕೆ ಎರಡು ದಾರಿ. ಎಂಜಿಬಿಯಲ್ಲಿ ಲೀಫ್ ಸ್ಪ್ರಿಂಗ್ ಆಕ್ಸಲ್‌ನ ಕೆಳಗೆ ಹಾದುಹೋಗುತ್ತದೆ. ಎರಡರ ನಡುವೆ 25 ಮಿ.ಮೀ. ಬ್ಲಾಕ್ ಇಟ್ಟರೆ ಸ್ಪ್ರಿಂಗ್ ಜೊತೆ ಬಾಡಿಯೂ ಅಷ್ಟೇ ಇಳಿಯುತ್ತದೆ. ಇನ್ನೊಂದು, ಸ್ಪ್ರಿಂಗ್‌ನ ಬಾಗನ್ನೇ ಕಡಿಮೆ ಮಾಡಿಸುವುದು. ಬಸ್ಸು ಲಾರಿಗಳ ಪ್ಲೇಟ್ ಕೆಲಸ ಮಾಡುವವರು ನಮ್ಮಲ್ಲಿ ನುರಿತವರಿದ್ದಾರೆ. ಆದರೆ ಲಾರಿಯ ದಪ್ಪ ಪಟ್ಟಿಗೆ ಒಗ್ಗಿದ ಕೈಗೆ ಎಂಜಿಬಿಯ ತೆಳು ಪಟ್ಟಿಯನ್ನು ಎರಡೂ ಕಡೆ ಸಮವಾಗಿ 25 ಮಿ.ಮೀ. ಇಳಿಸುವುದು ನಾಜೂಕಿನ ಕೆಲಸ. ಬ್ಲಾಕ್‌ಗೆ ಇನ್ನೊಂದು ಅನುಕೂಲವೂ ಇದೆ. ಹಿಂದಿನ ಡ್ಯಾಂಪರ್‌ನ ಲಿಂಕ್ ಸೇರುವುದು ಸ್ಪ್ರಿಂಗ್ ಕೆಳಗಿನ ಪ್ಲೇಟ್‌ಗೆ. ಬ್ಲಾಕ್ ಇಟ್ಟಾಗ ಪ್ಲೇಟ್, ಸ್ಪ್ರಿಂಗ್, ಬಾಡಿ ಒಟ್ಟಿಗೇ ಇಳಿಯುವುದರಿಂದ ಡ್ಯಾಂಪರ್ ತೋಳು ತನ್ನ ಮೂಲ ಕೋನದಲ್ಲೇ ಉಳಿಯುತ್ತದೆ. ಬಾಗು ಇಳಿಸಿದ ಸ್ಪ್ರಿಂಗ್‌ನಲ್ಲಿ ಹಾಗಲ್ಲ, ತೋಳು ಮೇಲೇಳುತ್ತದೆ. ಒಂದು ಇಂಚಿನ ಮಟ್ಟಿಗೆ ನನ್ನ ಆಯ್ಕೆ ಬ್ಲಾಕ್.

ಬ್ಲಾಕ್‌ನಲ್ಲಿ ನೋಡಬೇಕಾದದ್ದು ಅದರ ಮೊಳಕೆ (ಮೇಲಕ್ಕೆ ಚಾಚಿದ ಗಿಡ್ಡ ಗೂಟ) ಮತ್ತು ತೂತು. ಸ್ಪ್ರಿಂಗ್‌ನ ಸೆಂಟರ್ ಬೋಲ್ಟ್ ತಲೆ ಬ್ಲಾಕ್‌ನ ತೂತಿನಲ್ಲಿ, ಬ್ಲಾಕ್‌ನ ಮೊಳಕೆ ಆಕ್ಸಲ್ ಪ್ಯಾಡ್‌ನ ತೂತಿನಲ್ಲಿ ಬಿಗಿಯಾಗಿ ಕೂರಬೇಕು. ಅಲ್ಲಿ ಒಂದೆರಡು ಮಿ.ಮೀ. ಸಡಿಲವಿದ್ದರೂ ಗೇರ್ ಹಾಕಿ ಹೊರಟಾಗ ಒಂದು ಬದಿ ಆಕ್ಸಲ್ ಜಾರುತ್ತದೆ, ಕಾರು ಓರೆಯಾಗಿ ಓಡುತ್ತದೆ. ಹಳೆಯ ಯು ಬೋಲ್ಟ್ ಉದ್ದ ಸಾಲದು, ಹೊಸದಾಗಿ ಉದ್ದದ್ದನ್ನೇ ಹಾಕಿ. ನಟ್ ಕೂತ ಮೇಲೆ ಎರಡು ಮೂರು ಎಳೆ ಹೊರಗೆ ಕಾಣಬೇಕು. ಒಂದರ ಮೇಲೊಂದು ಬ್ಲಾಕ್ ಪೇರಿಸುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ಅಲ್ಯೂಮಿನಿಯಂ ಬ್ಲಾಕ್ ಆದರೆ ಉಕ್ಕಿಗೆ ತಾಗುವ ಮುಖಗಳಿಗೆ ಪೇಂಟ್ ಹೊಡೆದು ಗ್ರೀಸ್ ಸವರಿ. ಉಪ್ಪುನೀರು ಸೇರಿದರೆ ಎರಡು ಲೋಹಗಳ ನಡುವೆ ಬಿಳಿ ಪುಡಿ ಎದ್ದು ಅಲ್ಯೂಮಿನಿಯಂ ತಿಂದುಹೋಗುತ್ತದೆ. ಮಲ್ಪೆ, ಪಣಂಬೂರು ಕಡೆ ಓಡಾಡುವ ಕಾರಿಗೆ ಉಕ್ಕಿನ ಬ್ಲಾಕೇ ಮೇಲು.

ಇಬ್ಬರು ಕೂತು, ಡಿಕ್ಕಿಯಲ್ಲಿ ಸಾಮಾನಿಟ್ಟು ಆಕ್ಸಲ್‌ಗೂ ಮೇಲಿನ ಬಂಪ್ ರಬ್ಬರ್‌ಗೂ ಇರುವ ಅಂತರ ಅಳೆಯಿರಿ. 40 ಮಿ.ಮೀ.ಗಿಂತ ಕಡಿಮೆಯಿದ್ದರೆ ಬ್ಲಾಕ್ ತೆಗೆದುಬಿಡಿ, ಅಲ್ಲಿ ಕುಗ್ಗಿದ ಸ್ಪ್ರಿಂಗ್ ಇದೆ.

ಇದಕ್ಕೆಲ್ಲ ಮೊದಲು ಬಾಡಿಯನ್ನು ಸುತ್ತಿಗೆಯ ಹಿಡಿಯಿಂದ ತಟ್ಟಿ ನೋಡಿ ಎಂದು ಹೇಳಲೇಬೇಕು. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಸಿಲ್‌ಗಳ ಒಳಗೆ, ಹಿಂದಿನ ಸ್ಪ್ರಿಂಗ್‌ನ ಮುಂತುದಿ ಕೂರುವ ಜಾಗದಲ್ಲಿ ತುಕ್ಕು ಒಳಗಿನಿಂದಲೇ ಹಿಡಿಯುತ್ತದೆ. ಟಣ್ ಎಂಬ ಸದ್ದಿನ ಬದಲು ಮಂದ ಸದ್ದು ಬಂದರೆ ಸಸ್ಪೆನ್ಷನ್ ಕೆಲಸ ಅಲ್ಲಿಗೇ ನಿಲ್ಲಲಿ. ಮೊದಲು ವೆಲ್ಡಿಂಗ್ ಆಗಬೇಕು. ಬಿಗಿ ಸ್ಪ್ರಿಂಗ್ ಹಾಕಿದ ಮೇಲೆ ಆ ಜಾಗಕ್ಕೆ ಬೀಳುವ ಪೆಟ್ಟು ಇನ್ನೂ ಜಾಸ್ತಿ.

ಟೈರ್ ಬಗ್ಗೆ ಚಿಕ್ಕದಾಗಿ: ಮೂಲ ಅಳತೆಗೆ ಹೊಂದುವ 165/80 ಆರ್14 ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ, ಡಿಸೈರ್‌ಗೆ ಬರುತ್ತಿದ್ದ ಅಳತೆ ಅದು. 185/60 ಹಾಕಿದರೆ ಬೇರೇನೂ ಮುಟ್ಟದೆ ಕಾರು 21 ಮಿ.ಮೀ. ಇಳಿಯುತ್ತದೆ, ನೋಟವೂ ಬದಲಾಗುತ್ತದೆ. ಆದರೆ ಎಕ್ಸಾಸ್ಟ್ ಕೂಡ ಅಷ್ಟೇ ಇಳಿಯುತ್ತದೆ, ಸ್ಪೀಡೋಮೀಟರ್ ಸುಮಾರು ನೂರಕ್ಕೆ 7ರಷ್ಟು ಹೆಚ್ಚು ತೋರಿಸುತ್ತದೆ. ಸ್ಪ್ರಿಂಗ್‌ನಿಂದ ತಗ್ಗಿಸಿ, ಮೇಲೆ ಈ ಟೈರನ್ನೂ ಹಾಕುವುದು ನಮ್ಮ ರಸ್ತೆಗೆ ಆಗದು.

ಕಾನೂನಿನ ವಿಷಯವನ್ನು ಕೊನೆಗೆ ಬಿಡಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಆರ್‌ಸಿ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಬಿಗಿಯಾಗಿ ಹೇಳಿತು. ಕೆಲಸಕ್ಕೆ ಮೊದಲೇ ಉಡುಪಿ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ವಿಮೆಯವರಿಗೂ ತಿಳಿಸಿ. 2021ರ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಅದಕ್ಕೆ ವಿಎ ಸಾಲಿನ ನಂಬರ್ ಸಿಗುತ್ತದೆ, ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ. ಆದರೆ ವಾಹನ ಮೂಲರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಇರಬಾರದು, ದಿನನಿತ್ಯದ ಓಡಾಟಕ್ಕೂ ಬಳಸುವಂತಿಲ್ಲ. ತಗ್ಗಿಸಲು ಮೇಲೆ ಹೇಳಿದ ಯಾವ ಕೆಲಸದಲ್ಲೂ ಕಾರಿನ ಬಾಡಿಯನ್ನು ಕೊರೆಯುವುದು, ಕತ್ತರಿಸುವುದು, ವೆಲ್ಡ್ ಮಾಡುವುದು ಇಲ್ಲದಿರುವುದು ಇದಕ್ಕಾಗಿಯೇ. ಹಳೆಯ ಸ್ಪ್ರಿಂಗ್, ಯು ಬೋಲ್ಟ್, ಬಂಪ್ ತುಂಡುಗಳಿಗೆ ಎಣ್ಣೆ ಸವರಿ, ಎಡ ಬಲ ಬರೆದು ಕಟ್ಟಿಡಿ. ಒಂದು ದಿನದಲ್ಲಿ ಕಾರನ್ನು ಮೊದಲಿನಂತೆ ಮಾಡಲು ಬರುವಂತಿರಬೇಕು.

ಎಲ್ಲ ಜೋಡಿಸಿದ ಮೇಲೆ ಅಲೈನ್‌ಮೆಂಟ್. ಯಂತ್ರದಲ್ಲಿ ಈ ಕಾರಿನ ವಿವರ ಇಲ್ಲದಿದ್ದರೆ ನೀವೇ ಅಂಕಿ ಕೊಡಿ: ಮುಂದಿನ ಚಕ್ರಗಳ ಟೋ ಇನ್ (ಚಕ್ರಗಳ ಮುಂತುದಿ ಒಳಕ್ಕೆ ತಿರುಗಿರುವಷ್ಟು) 1.6ರಿಂದ 2.4 ಮಿ.ಮೀ. ಕ್ಯಾಸ್ಟರ್ (ಕಿಂಗ್‌ಪಿನ್ ಹಿಂದಕ್ಕೆ ವಾಲಿರುವ ಕೋನ) 7 ಡಿಗ್ರಿ, ಕ್ಯಾಂಬರ್ ಮೂಲದಲ್ಲಿ 1 ಡಿಗ್ರಿ ಪಾಸಿಟಿವ್. ತಗ್ಗಿಸಿದ ಮೇಲೆ ಕ್ಯಾಂಬರ್ ಸೊನ್ನೆಯ ಹತ್ತಿರ ಬಂದರೆ ಗಾಬರಿ ಬೇಡ, ತಿರುವಿಗೆ ಅದು ಒಳ್ಳೆಯದೇ. ಎಡಕ್ಕೂ ಬಲಕ್ಕೂ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ಡ್ಯಾಂಪರ್ ಶಾಫ್ಟ್ ಮತ್ತು ಬುಶ್‌ಗಳನ್ನು ಮತ್ತೆ ನೋಡಿ, ಏಕೆಂದರೆ ಈ ಕಾರಿನಲ್ಲಿ ಕ್ಯಾಂಬರ್ ತಿದ್ದಲು ಸ್ಕ್ರೂ ಕೊಟ್ಟಿಲ್ಲ. ಹೆಡ್‌ಲೈಟ್‌ನ ಗುರಿಯನ್ನೂ ಹೊಸದಾಗಿ ಹೊಂದಿಸಬೇಕು.

ಮೊದಲ 100 ಕಿ.ಮೀ. ಆದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೆ ಬಿಗಿಮಾಡಿ. ಹೊಸ ಬ್ಲಾಕ್ ಕೂತುಕೊಳ್ಳುವಾಗ ಅವು ಖಂಡಿತ ಸ್ವಲ್ಪ ಸಡಿಲವಾಗುತ್ತವೆ. ಸ್ಪ್ರಿಂಗ್‌ಗಳೂ ಅಷ್ಟು ಹೊತ್ತಿಗೆ ಕೆಲವು ಮಿ.ಮೀ. ಇಳಿದಿರುತ್ತವೆ. ಬರೆದಿಟ್ಟ ನಾಲ್ಕು ಅಂಕಿಗಳ ಪಕ್ಕದಲ್ಲಿ ಹೊಸ ನಾಲ್ಕು ಅಂಕಿ ಬರೆದು ನೋಡಿ. ಯಾವುದೇ ಮೂಲೆ ಇನ್ನೊಂದು ಬದಿಯ ತನ್ನ ಜೋಡಿಗಿಂತ 10 ಮಿ.ಮೀ.ಗೂ ಹೆಚ್ಚು ತಗ್ಗಿದ್ದರೆ ಮಳೆಗಾಲಕ್ಕೆ ಮೊದಲೇ ಬಿಚ್ಚಿ ಕಾರಣ ಹುಡುಕಿ.